ಅಲ್ಯೋನಾ ಸಾವ್ಚೆಂಕೊ: ನೀರ್ಗಲ್ಲಿನ ಮೇಲಿನ ಜೋಡಿನಡೆ



ಈ ಸಂಜೆಯ ಭಾಷಣಕ್ಕೆ ನಾವು ಆರಿಸಿಕೊಂಡಿರುವ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರು ನಕ್ಕಾರು. ಕೆರೆಯ ನೀರು ಎಂದೂ ಹೆಪ್ಪುಗಟ್ಟದ ನಾಡಿನಲ್ಲಿ ಕುಳಿತು, ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುತ್ತ ಕುಣಿಯುವ ಜರ್ಮನಿಯ ಹೆಣ್ಣುಮಗಳೊಬ್ಬಳ ಕಥೆಯನ್ನು ಹೇಳಿ ಆಗಬೇಕಾದುದೇನು ಎಂದು ಅವರಿಗೆ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಆಕೆಯ ವೃತ್ತಾಂತವನ್ನು ಬಿಡಿಸಿ ನೋಡಿದಂತೆಲ್ಲ ಅದು ಬರಿಯ ಆಟದ ಸಂಗತಿಯಾಗಿ ಉಳಿಯಲಿಲ್ಲ. ಮನುಷ್ಯನಿಗೆ ತಾನು ಹುಟ್ಟಿದ ದೇಶ ಯಾವುದು, ಸೇರಿದ ದೇಶ ಯಾವುದು, ಒಬ್ಬಳಿಂದಲೇ ಆಗದ ಕೆಲಸಕ್ಕೆ ಜೊತೆಗಾರನನ್ನು ಎಲ್ಲಿಂದ ತರುವುದು, ಗುರುವಿನ ಹಳೆಯ ಪಾಪವು ಶಿಷ್ಯರಿಗೆ ಎಷ್ಟರಮಟ್ಟಿಗೆ ತಗಲುತ್ತದೆ ಎಂಬ ಪ್ರಶ್ನೆಗಳೆಲ್ಲ ಅದರಲ್ಲಿ ತಾವಾಗಿಯೇ ಎದ್ದು ಬರುತ್ತವೆ. ಆದುದರಿಂದ ತಾವು ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇವೆ.

ಮೊದಲು ಆಟದ ವಿಚಾರ. ಅರುವತ್ತು ಮೀಟರು ಉದ್ದ, ಮೂವತ್ತು ಮೀಟರು ಅಗಲದ ನೀರ್ಗಲ್ಲಿನ ಅಂಗಳ. ಅದರ ಮೇಲೆ ಒಬ್ಬ ಗಂಡಸು, ಒಬ್ಬ ಹೆಂಗಸು. ಪಾದರಕ್ಷೆಯ ಅಡಿಯಲ್ಲಿ ಉಕ್ಕಿನ ಅಲಗು ಇರುತ್ತದೆ. ಆ ಅಲಗಿನ ದಪ್ಪವು ನಾಲ್ಕು ಮಿಲಿಮೀಟರಿನಷ್ಟು ಮಾತ್ರ. ಅದರ ನಡುವೆ ತೋಡಿದ ಸಣ್ಣ ಗಾಡಿಯಿಂದಾಗಿ ಒಳಗಿನ ಅಂಚು, ಹೊರಗಿನ ಅಂಚು ಎಂದು ಎರಡು ಅಂಚುಗಳಾಗುತ್ತವೆ. ಸ್ಕೇಟಿಂಗ್ ವಿದ್ಯೆಯ ಸಾರವೆಲ್ಲ ಈ ಅಂಚುಗಳ ಮೇಲೆ ನಿಲ್ಲುವುದರಲ್ಲಿಯೇ ಇದೆ. ಒಬ್ಬರೇ ಆಡುವ ಆಟದಲ್ಲಿ ತಪ್ಪಿದರೆ ತಪ್ಪಿದವರು ಮಾತ್ರ ಬೀಳುತ್ತಾರೆ. ಜೋಡಿಯ ಆಟ ಹಾಗಲ್ಲ. ಗಂಡಸು ಹೆಂಗಸನ್ನು ಒಂದೇ ಕೈಯಿಂದ ತಲೆಯ ಮೇಲಕ್ಕೆ ಎತ್ತಿ, ತಾನು ತಿರುಗುತ್ತ ಅಂಗಳದ ಉದ್ದಕ್ಕೂ ಸಾಗುತ್ತಾನೆ. ಆಕೆಯನ್ನು ಗಾಳಿಗೆ ಎಸೆದು, ಆಕೆ ಮೂರು ಸುತ್ತು ಸುತ್ತಿ ಕೆಳಗೆ ಬರುವಷ್ಟರಲ್ಲಿ ನಡುವನ್ನು ಹಿಡಿದು ಇಳಿಸುತ್ತಾನೆ. ಇನ್ನೊಂದು ಬಗೆಯ ಎಸೆತದಲ್ಲಿ ಹಿಡಿಯುವುದೇ ಇಲ್ಲ. ಆಕೆ ಹಲವು ಗಜ ದೂರ ಹಾರಿಹೋಗಿ, ಹಿಮ್ಮುಖವಾಗಿ, ಒಂಟಿ ಕಾಲಿನ ಹೊರ ಅಂಚಿನ ಮೇಲೆ ತಾನೇ ಇಳಿಯಬೇಕು. ಮತ್ತೊಂದುಂಟು, ಅದಕ್ಕೆ ಮೃತ್ಯುಸುರುಳಿಯೆಂದೇ ಹೆಸರು. ಗಂಡಸು ಅಲಗಿನ ಮುಂತುದಿಯನ್ನು ನೀರ್ಗಲ್ಲಿಗೆ ನಾಟಿ ಕೀಲಿನಂತೆ ನಿಂತಿರುವಾಗ, ಆಕೆ ಅವನ ಒಂದು ಕೈಯನ್ನು ಮಾತ್ರ ಹಿಡಿದು, ನೆಲಕ್ಕೆ ತಲೆ ತಾಗುವುದೋ ಎಂಬಷ್ಟು ಮಲಗಿ, ಅವನ ಸುತ್ತ ವೃತ್ತವನ್ನು ಬರೆಯುತ್ತಾಳೆ. ಇಷ್ಟನ್ನೂ ಸಂಗೀತಕ್ಕೆ ಸರಿಯಾಗಿ, ಮುಖದಲ್ಲಿ ಆಯಾಸವನ್ನು ತೋರದೆ ಮಾಡಬೇಕು. ಇಂಥಲ್ಲಿ ಜೊತೆಗಾರನೆಂದರೆ ಬರಿಯ ಸಹಾಯಕನಲ್ಲ, ಪ್ರಾಣವನ್ನೇ ಒಪ್ಪಿಸಿಕೊಂಡವನು.

ಜರ್ಮನರಿಗೆ ಈ ಆಟ ಹೊಸದಲ್ಲ. 1908ನೆಯ ಇಸವಿಯಲ್ಲಿ ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ಜೋಡಿ ಸ್ಕೇಟಿಂಗು ಮೊದಲು ಸೇರಿದಾಗ ಚಿನ್ನದ ಪದಕವನ್ನು ಪಡೆದವರು ಆನಾ ಹ್ಯೂಬ್ಲರ್ ಮತ್ತು ಹೈನ್ರಿಖ್ ಬುರ್ಗರ್ ಎಂಬ ಜರ್ಮನರು. 1936ರಲ್ಲಿ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್ ಎಂಬಲ್ಲಿ ಹದಿನೈದು ವರ್ಷದ ಮಾಕ್ಸಿ ಹೆರ್ಬರ್ ಎಂಬ ಹುಡುಗಿ ಎರ್ನ್‌ಸ್ಟ್ ಬೈಯರ್‌ನೊಡನೆ ಗೆದ್ದಳು. 1952ರಲ್ಲಿ ಓಸ್ಲೋ ನಗರದಲ್ಲಿ ರಿಯಾ ಮತ್ತು ಪೌಲ್ ಫಾಲ್ಕ್ ದಂಪತಿಗಳು ಗೆದ್ದರು. ಆ ಮೇಲೆ ಅರುವತ್ತಾರು ವರ್ಷ ಜರ್ಮನಿಗೆ ಈ ಚಿನ್ನ ದಕ್ಕಲಿಲ್ಲ. ದೇಶ ಇಬ್ಭಾಗವಾಯಿತು, ಮತ್ತೆ ಒಂದಾಯಿತು. ಲೋಕಚಾಂಪಿಯನ್ನರು ಬಂದರು, ಹೋದರು. ಒಲಿಂಪಿಕ್ ಚಿನ್ನ ಮಾತ್ರ ಬರಲಿಲ್ಲ. ಅದನ್ನು ಕೊನೆಗೆ ತಂದುಕೊಟ್ಟವಳು ಜರ್ಮನಿಯಲ್ಲಿ ಹುಟ್ಟಿದವಳಲ್ಲವೆಂಬುದೇ ಈ ಕಥೆಯ ಸ್ವಾರಸ್ಯ.

ಅಲ್ಯೋನಾ ಸಾವ್ಚೆಂಕೊ ಹುಟ್ಟಿದ್ದು 1984ನೆಯ ಇಸವಿ ಜನವರಿ 19ನೆಯ ತಾರೀಖು, ಕೀವ್ ನಗರದ ದಕ್ಷಿಣಕ್ಕಿರುವ ಒಬುಖಿವ್ ಎಂಬ ಊರಿನಲ್ಲಿ. ಆಗ ಅದು ಸೋವಿಯೆಟ್ ಒಕ್ಕೂಟಕ್ಕೆ ಸೇರಿತ್ತು. ಆಕೆಗೆ ಏಳು ವರ್ಷ ತುಂಬಿದ ಇಸವಿಯಲ್ಲಿ ಆ ಒಕ್ಕೂಟ ಕರಗಿ, ಊರು ಉಕ್ರೇನ್ ಎಂಬ ಸ್ವತಂತ್ರ ದೇಶದ್ದಾಯಿತು. ಊರ ಹತ್ತಿರದ ಹೆಪ್ಪುಗಟ್ಟಿದ ಕೊಳದಲ್ಲಿ ಮೂರು ವರ್ಷದ ಮಗುವಾಗಿದ್ದಾಗಲೇ ಆಕೆ ಅಲಗುಗಳ ಮೇಲೆ ನಿಂತಳಂತೆ. ಅನಂತರ ವಿದ್ಯಾಭ್ಯಾಸಕ್ಕೆ ಕೀವ್ ನಗರಕ್ಕೆ ಹೋಗಿಬರಬೇಕಾಯಿತು.

ಸ್ಟಾನಿಸ್ಲಾವ್ ಮೊರೊಜೊವ್ ಎಂಬ ಯುವಕನ ಜೊತೆಯಲ್ಲಿ ಆಕೆ 2000ದ ಇಸವಿಯಲ್ಲಿ ಕಿರಿಯರ ಲೋಕಚಾಂಪಿಯನ್ ಪದವಿಯನ್ನು ಗೆದ್ದಳು. ಆ ಸ್ಪರ್ಧೆ ನಡೆದದ್ದು ಜರ್ಮನಿಯ ಆಲ್ಪ್ಸ್ ಪರ್ವತಗಳ ಮಡಿಲಿನ ಓಬರ್ಸ್ಟ್‌ಡೋರ್ಫ್ ಎಂಬ ಚಿಕ್ಕ ಊರಿನಲ್ಲಿ. ಈ ಊರಿನ ಹೆಸರನ್ನು ತಾವು ನೆನಪಿನಲ್ಲಿಡಬೇಕು. ಅದು ಮುಂದೆ ಮತ್ತೆ ಬರುತ್ತದೆ. 2002ರಲ್ಲಿ ಇಬ್ಬರೂ ಉಕ್ರೇನಿನ ಪರವಾಗಿ ಸಾಲ್ಟ್ ಲೇಕ್ ಸಿಟಿಯ ಒಲಿಂಪಿಕ್ ಕ್ರೀಡೆಗಳಿಗೆ ಹೋಗಿ ಹದಿನೈದನೆಯವರಾದರು. ಅದೇ ಕ್ರೀಡೆಗಳಲ್ಲಿ ಜೋಡಿ ಸ್ಕೇಟಿಂಗಿನ ತೀರ್ಪಿನ ಬಗ್ಗೆ ದೊಡ್ಡ ಗದ್ದಲವಾಯಿತು. ತೀರ್ಪುಗಾರರಲ್ಲೊಬ್ಬರು ಒತ್ತಡಕ್ಕೆ ಒಳಗಾಗಿ ಮತ ಕೊಟ್ಟರೆಂಬ ಆರೋಪ ಹುಟ್ಟಿ, ಕಡೆಗೆ ರಷ್ಯದ ಜೋಡಿಗೂ ಕೆನಡದ ಜೋಡಿಗೂ ಎರಡು ಚಿನ್ನಗಳನ್ನು ಕೊಡಬೇಕಾಯಿತು. ಆರು ಅಂಕಗಳ ಹಳೆಯ ಪದ್ಧತಿಯನ್ನು ಕೈಬಿಟ್ಟು, ಒಂದೊಂದು ನೆಗೆತಕ್ಕೂ ಒಂದೊಂದು ಎತ್ತುವಿಕೆಗೂ ಬೇರೆಬೇರೆ ಬೆಲೆಯಿಟ್ಟು ದಶಾಂಶಗಳಲ್ಲಿ ಕೂಡಿಸುವ ಹೊಸ ಪದ್ಧತಿ ಅದರ ಫಲವಾಗಿ ಬಂದಿತು. ಹದಿನೈದನೆಯ ಸ್ಥಾನದ ಹುಡುಗಿಗೂ ಈ ಗದ್ದಲಕ್ಕೂ ಅಂದು ಏನೂ ಸಂಬಂಧವಿರಲಿಲ್ಲ. ಆದರೆ ಆಕೆಯ ಬಾಳಿನ ಎರಡು ದೊಡ್ಡ ಗೆಲವುಗಳು ನಿರ್ಧಾರವಾದದ್ದು ಆ ದಶಾಂಶಗಳಲ್ಲಿಯೇ.

ಮೊರೊಜೊವ್‌ನೊಡನೆ ಜೊತೆ ಮುರಿಯಿತು. ಜೋಡಿಯ ಆಟದಲ್ಲಿ ಇದಕ್ಕಿಂತ ದೊಡ್ಡ ವಿಪತ್ತಿಲ್ಲ. ಕಲಿತ ವಿದ್ಯೆ ಮೈಯಲ್ಲಿಯೇ ಇರುತ್ತದೆ. ಆದರೆ ಅದರ ಅರ್ಧಭಾಗ ಇನ್ನೊಬ್ಬನ ತೋಳಿನಲ್ಲಿರುತ್ತದೆ. 2003ರಲ್ಲಿ, ಹತ್ತೊಂಬತ್ತು ವರ್ಷದ ಅಲ್ಯೋನಾ ಊರು ಬಿಟ್ಟು, ಭಾಷೆಯನ್ನರಿಯದ ದೇಶಕ್ಕೆ, ಸ್ಯಾಕ್ಸನಿ ಪ್ರಾಂತದ ಖೆಮ್ನಿಟ್ಸ್ ನಗರಕ್ಕೆ ಹೊರಟಳು. ಪೂರ್ವ ಜರ್ಮನಿಯ ಕಾಲದಲ್ಲಿ ಕಾರ್ಲ್-ಮಾರ್ಕ್ಸ್-ಸ್ಟಾಡ್ಟ್ ಎಂಬ ಹೆಸರಿದ್ದ ಆ ನಗರ ಹೆಸರಾಂತ ಸ್ಕೇಟಿಂಗ್ ಪಟುಗಳನ್ನು ಬೆಳೆಸಿದ ಸ್ಥಳ. ಅಲ್ಲಿ ಆಕೆಗೆ ರಾಬಿನ್ ಷೋಲ್ಕೊವಿ ದೊರೆತನು. ಆತನು 1979ರಲ್ಲಿ ಗ್ರೈಫ್ಸ್‌ವಾಲ್ಡ್ ಎಂಬಲ್ಲಿ ಹುಟ್ಟಿದವನು. ತಾಯಿ ಜರ್ಮನ್ ಮಹಿಳೆ, ತಂದೆ ಟಾಂಜಾನಿಯದವನು. ಆಕೆ ಉರಿಯ ಸ್ವಭಾವದವಳು, ಆತನು ತಣ್ಣನೆಯವನು ಎಂದು ಅವರನ್ನು ಕಂಡವರು ಹೇಳುತ್ತಿದ್ದರು. ಒಂದು ಜೋಡಿಗೆ ಇವೆರಡೂ ಬೇಕೆಂಬುದು ನಮ್ಮ ಅಭಿಪ್ರಾಯ.

ಗುರು ಇಂಗೊ ಸ್ಟೊಯರ್. ಇವರು ಸ್ವತಃ 1997ರಲ್ಲಿ ಮಾಂಡಿ ವ್ಯೋಟ್ಸೆಲ್ ಎಂಬಾಕೆಯ ಜೊತೆ ಲೋಕಚಾಂಪಿಯನ್ನರಾಗಿದ್ದವರು, ಮರುವರ್ಷ ಒಲಿಂಪಿಕ್ ಕಂಚನ್ನು ಪಡೆದವರು. ವಿದ್ಯೆಯಲ್ಲಿ ಅವರಿಗೆ ಎಣೆಯಿರಲಿಲ್ಲ. 2006ರ ತೊರಿನೊ ಒಲಿಂಪಿಕ್ ಕ್ರೀಡೆಗಳು ಹತ್ತಿರವಾದಾಗ ಅವರ ಹಳೆಯ ಕಡತ ಹೊರಬಂದಿತು. ಪೂರ್ವ ಜರ್ಮನಿಯ ಗುಪ್ತ ಪೊಲೀಸು ಇಲಾಖೆಯಾದ ಸ್ಟಾಸಿಗೆ ಅವರು ತಾರುಣ್ಯದಲ್ಲಿ ಮಾಹಿತಿದಾರರಾಗಿದ್ದರೆಂದೂ, ಜೊತೆಯ ಕ್ರೀಡಾಪಟುಗಳ ವಿಷಯವಾಗಿ ವರದಿ ಕೊಡುತ್ತಿದ್ದರೆಂದೂ ಬಯಲಾಯಿತು. ಜರ್ಮನ್ ಒಲಿಂಪಿಕ್ ಸಮಿತಿ ಅವರನ್ನು ತಂಡದಿಂದ ಹೊರಗಿಟ್ಟಿತು. ಅವರು ನ್ಯಾಯಾಲಯಕ್ಕೆ ಹೋದರು, ನ್ಯಾಯಾಲಯ ಅವರಿಗೆ ಅನುಕೂಲವಾಗಿ ತೀರ್ಪು ಕೊಟ್ಟಿತು, ತೊರಿನೊಗೆ ಹೋದರು. ಜೋಡಿ ಅಲ್ಲಿ ಆರನೆಯದಾಯಿತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ. ಸ್ಟೊಯರ್ ಅವರ ನಡತೆಯನ್ನು ಸಣ್ಣದೆಂದು ಹೇಳಲು ನಾವು ಸಿದ್ಧರಿಲ್ಲ. ನೆರೆಯವನ ಮಾತನ್ನು ಸರ್ಕಾರದ ಕಿವಿಗೆ ಹಾಕುವ ಕೆಲಸದಿಂದ ಎಷ್ಟೋ ಸಂಸಾರಗಳು ಹಾಳಾದುವು. ಹಾಳಾದವರಿಗೆ ಅದನ್ನು ಮರೆಯಿರೆಂದು ಹೇಳುವ ಅಧಿಕಾರ ಹೊರಗಿನವರಾದ ನಮಗಿಲ್ಲ. ಆದರೆ ಶಿಷ್ಯರ ಸ್ಥಿತಿಯನ್ನು ಯೋಚಿಸಿ ನೋಡಿ. ಅಲ್ಯೋನಾ ಆಗ ಜರ್ಮನ್ ಪ್ರಜೆಯಾಗಿ ಕೆಲವು ವಾರಗಳಷ್ಟೇ ಆಗಿತ್ತು. 2005ರ ಡಿಸೆಂಬರ್ ಕೊನೆಯಲ್ಲಿ ಆಕೆಗೆ ಪೌರತ್ವ ಬಂದಿತ್ತು. ಗೋಡೆ ಬಿದ್ದಾಗ ಆಕೆ ಐದು ವರ್ಷದ ಮಗು, ಅದೂ ಬೇರೆ ದೇಶದಲ್ಲಿ. ಆ ಪಾಪದಲ್ಲಿ ಆಕೆಯ ಪಾಲಿಲ್ಲ. ಗುರುವನ್ನು ಬಿಟ್ಟರೆ ಹಣ ಮತ್ತು ಅನುಕೂಲ, ಬಿಡದಿದ್ದರೆ ತೊಂದರೆ ಎಂಬ ಕವಲಿನಲ್ಲಿ ಆಕೆಯೂ ರಾಬಿನ್ನನೂ ಬಿಡದಿರುವ ದಾರಿಯನ್ನೇ ಹಿಡಿದರು. ಮುಂದಿನ ಎಂಟು ವರ್ಷ ಅವರೇ ಗುರುಗಳಾಗಿದ್ದರು. ಇದನ್ನು ನಿಷ್ಠೆ ಎನ್ನೋಣವೇ, ಸ್ವಾರ್ಥವೆನ್ನೋಣವೇ? ಎರಡೂ ಇದ್ದಿರಬೇಕು. ಅವರಿಗೆ ಅಷ್ಟು ಚೆನ್ನಾಗಿ ಕಲಿಸಬಲ್ಲವರು ಬೇರೊಬ್ಬರಿರಲಿಲ್ಲ, ಅದು ಅವರಿಗೆ ತಿಳಿದಿತ್ತು.

ಆ ಎಂಟು ವರ್ಷಗಳ ಗೆಲವುಗಳನ್ನು ಬೇಗನೆ ಹೇಳಿಬಿಡುತ್ತೇವೆ. 2008ರಲ್ಲಿ ಯೊಟೆಬೊರಿ, 2009ರಲ್ಲಿ ಲಾಸ್ ಏಂಜಲೀಸ್, 2011ರಲ್ಲಿ ಮಾಸ್ಕೊ, 2012ರಲ್ಲಿ ನೀಸ್, 2014ರಲ್ಲಿ ಸೈತಾಮ: ಹೀಗೆ ಐದು ಸಲ ಲೋಕಚಾಂಪಿಯನ್ ಪದವಿ. ನಾಲ್ಕು ಸಲ ಯೂರೋಪಿನ ಪದವಿ. ನೀಸಿನ ಗೆಲವು ಮಾತ್ರ ಒಂದು ಮಾತಿಗೆ ಅರ್ಹ. ಗಾಯದಿಂದಾಗಿ ಆ ವರ್ಷ ಯೂರೋಪಿನ ಸ್ಪರ್ಧೆಯನ್ನೇ ಬಿಟ್ಟಿದ್ದ ಈ ಜೋಡಿ, ನೀಸಿನಲ್ಲಿ 201.49 ಅಂಕಗಳನ್ನು ಪಡೆಯಿತು. ರಷ್ಯದ ವೊಲೊಸೊಜಾರ್ ಮತ್ತು ಟ್ರಾಂಕೊವ್ ಪಡೆದದ್ದು 201.38. ಎರಡು ನೂರಕ್ಕೂ ಮೀರಿದ ಲೆಕ್ಕದಲ್ಲಿ ಸೊನ್ನೆ ದಶಾಂಶ ಒಂದು ಒಂದರ ಅಂತರ! ಈ ತತ್ಯಾನಾ ವೊಲೊಸೊಜಾರ್ ಉಕ್ರೇನಿನಲ್ಲಿ ಹುಟ್ಟಿದವಳು; ಅಲ್ಯೋನಾಳ ಹಳೆಯ ಜೊತೆಗಾರ ಮೊರೊಜೊವ್‌ನೊಡನೆ ವರ್ಷಗಟ್ಟಲೆ ಆಡಿ, ಇದೇ ಸ್ಟೊಯರ್ ಅವರ ಬಳಿ ಇದೇ ಖೆಮ್ನಿಟ್ಸಿನಲ್ಲಿ ಕೆಲವು ಕಾಲ ಕಲಿತವಳು. ಈ ಲೋಕ ಅಷ್ಟು ಚಿಕ್ಕದು.

ಒಲಿಂಪಿಕ್ ಚಿನ್ನ ಮಾತ್ರ ಕೈಗೆ ಬರಲಿಲ್ಲ. 2010ರ ವ್ಯಾಂಕೂವರಿನಲ್ಲಿ ಚೀನದ ಎರಡು ಜೋಡಿಗಳ ಹಿಂದೆ ಕಂಚು. 2014ರ ಸೋಚಿಯಲ್ಲಿ ಮೊದಲ ದಿನ ಎರಡನೆಯ ಸ್ಥಾನದಲ್ಲಿದ್ದು, ಎರಡನೆಯ ದಿನ ರಾಬಿನ್ ಒಂದು ನೆಗೆತದಲ್ಲಿ ಬಿದ್ದನು. ಪ್ರದರ್ಶನದ ಕೊನೆಗೆ ಅವರು ಇಟ್ಟುಕೊಂಡಿದ್ದದ್ದು ಆಕ್ಸೆಲ್ ಎಂಬ ಎಸೆತ. ಮಿಕ್ಕ ನೆಗೆತಗಳೆಲ್ಲ ಹಿಮ್ಮುಖವಾಗಿ ಆರಂಭವಾದರೆ ಇದೊಂದು ಮುಮ್ಮುಖವಾಗಿ ಆರಂಭವಾಗುತ್ತದೆ; ಇಳಿಯುವುದು ಹಿಮ್ಮುಖವಾಗಿಯೇ ಆದುದರಿಂದ ಅರ್ಧ ಸುತ್ತು ಹೆಚ್ಚು, ಒಟ್ಟು ಮೂರೂವರೆ. ದಣಿದ ಮೈಯಲ್ಲಿ, ಸಂಗೀತ ಮುಗಿಯುವ ಹೊತ್ತಿಗೆ ಅದನ್ನು ಮಾಡಹೋಗುವುದು ಸಾಹಸವೇ ಸರಿ. ಪದಕವನ್ನು ಕಾಯ್ದುಕೊಳ್ಳಬೇಕೆಂಬ ಬುದ್ಧಿವಂತರು ಅದನ್ನು ಬಿಟ್ಟುಬಿಡುತ್ತಿದ್ದರು. ಇವರು ಬಿಡಲಿಲ್ಲ, ಅಲ್ಯೋನಾ ಬಿದ್ದಳು. ಮತ್ತೆ ಕಂಚು. ಒಂದು ತಿಂಗಳ ತರುವಾಯ ಸೈತಾಮದಲ್ಲಿ ಐದನೆಯ ಪದವಿಯನ್ನು ಗೆದ್ದು ರಾಬಿನ್ ಷೋಲ್ಕೊವಿ ಸ್ಪರ್ಧೆಗಳಿಂದ ನಿವೃತ್ತನಾದನು. ಆತನಿಗೆ ಆಗ ಮೂವತ್ತನಾಲ್ಕು.

ಆಕೆಗೆ ಮೂವತ್ತು. ಈ ಆಟದಲ್ಲಿ ಮೂವತ್ತೆಂದರೆ ಮುಪ್ಪು. ಐದು ಲೋಕಪದವಿಗಳಿಗೆ ತೃಪ್ತಿಪಟ್ಟು ಮನೆ ಸೇರಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಹಾಗೆ ಮಾಡದೆ, ಫ್ರಾನ್ಸಿನ ಕಾಂ ನಗರದವನಾದ ಬ್ರೂನೊ ಮಾಸೊ ಎಂಬ ಐದು ವರ್ಷ ಕಿರಿಯನನ್ನು ಜೊತೆಗೆ ಕರೆದುಕೊಂಡು, ಖೆಮ್ನಿಟ್ಸನ್ನೂ ಹಳೆಯ ಗುರುವನ್ನೂ ಬಿಟ್ಟು, ಓಬರ್ಸ್ಟ್‌ಡೋರ್ಫಿಗೆ ಬಂದಳು. ಹದಿನಾರು ವರ್ಷದವಳಾಗಿ ಕಿರಿಯರ ಪದವಿಯನ್ನು ಗೆದ್ದಿದ್ದ ಅದೇ ಊರು. ಅಲ್ಲಿ ಅಲೆಕ್ಸಾಂಡರ್ ಕ್ಯೋನಿಗ್ ಎಂಬುವರು ಅವರ ಶಿಕ್ಷಕರಾದರು.

ಬ್ರೂನೊ ಎತ್ತರದ, ಬಲವಾದ ಆಳು. ಆದರೆ ಲೋಕಮಟ್ಟದ ದೊಡ್ಡ ಪದಕವೊಂದನ್ನೂ ಕಾಣದವನು. ಅಷ್ಟೇ ಅಲ್ಲದೆ ಅವನು ಫ್ರಾನ್ಸಿನ ಸ್ಕೇಟಿಂಗ್ ಸಂಘಕ್ಕೆ ಸೇರಿದವನು. ಆ ಸಂಘ ಒಪ್ಪದೆ ಅವನು ಇನ್ನೊಂದು ದೇಶದ ಪರವಾಗಿ ಆಡುವ ಹಾಗಿರಲಿಲ್ಲ. ಸಂಘ ಒಪ್ಪಲಿಲ್ಲ. ಒಂದು ವರ್ಷ ಪೂರ್ತಿ, ಅದಕ್ಕೂ ಮೇಲ್ಪಟ್ಟು, ಇಬ್ಬರೂ ಯಾವ ಅಂತರರಾಷ್ಟ್ರೀಯ ಸ್ಪರ್ಧೆಗೂ ಇಳಿಯಲಾರದೆ ಅಭ್ಯಾಸ ಮಾಡುತ್ತ ಕಾದರು. ಕೊನೆಗೆ 2015ರ ಅಕ್ಟೋಬರಿನಲ್ಲಿ, 30,000 ಯೂರೋಗಳನ್ನು ತೆತ್ತಮೇಲೆ ಬಿಡುಗಡೆ ದೊರೆಯಿತು. ಒಬ್ಬ ಆಟಗಾರನನ್ನು ಬೆಳೆಸಲು ಸಂಘ ಮಾಡಿದ ವೆಚ್ಚವನ್ನು ಕೇಳುವುದು ನ್ಯಾಯವೆಂದು ವಾದಿಸುವವರಿದ್ದಾರೆ. ಇರಬಹುದು. ಆದರೆ ಮನುಷ್ಯನಿಗೆ ಬೆಲೆ ಕಟ್ಟಿ ರಸೀತಿ ಕೊಡುವುದು ನಮ್ಮ ಮನಸ್ಸಿಗೆ ಒಗ್ಗುವುದಿಲ್ಲ.

ಅಲ್ಲಿಗೂ ತೊಡಕು ತೀರಲಿಲ್ಲ. ಲೋಕಚಾಂಪಿಯನ್ ಸ್ಪರ್ಧೆಗಳಿಗೆ ಜೋಡಿಯಲ್ಲಿ ಒಬ್ಬರು ಆ ದೇಶದ ಪ್ರಜೆಯಾಗಿದ್ದರೆ ಸಾಕು. ಒಲಿಂಪಿಕ್ ಕ್ರೀಡೆಗಳಿಗೆ ಇಬ್ಬರೂ ಆಗಿರಲೇಬೇಕು. ಬ್ರೂನೊ ಜರ್ಮನ್ ಪ್ರಜೆಯಾಗಬೇಕಾದರೆ ಜರ್ಮನ್ ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಹೆಂಗಸನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿಯುವವನಿಗೆ ಜರ್ಮನ್ ವ್ಯಾಕರಣ ಅಷ್ಟು ಸುಲಭವಾಗಿ ಕೈಗೆ ಸಿಕ್ಕಲಿಲ್ಲ, ಮೊದಲು ತಪ್ಪಿದನು. ಪರೀಕ್ಷೆಗೆ ಕುಳಿತು ತಪ್ಪಿದ ಅನುಭವವುಳ್ಳ ಶ್ರೋತೃಗಳಿಗೆ ಅವನ ಮೇಲೆ ಮರುಕ ಹುಟ್ಟದಿರಲಾರದು. 2017ರ ನವೆಂಬರಿನಲ್ಲಿ ಅಂತೂ ಪೌರತ್ವ ಬಂದಿತು. ಕ್ರೀಡೆಗಳಿಗೆ ಮೂರು ತಿಂಗಳೂ ಉಳಿದಿರಲಿಲ್ಲ.

2018ನೆಯ ಇಸವಿ ಫೆಬ್ರವರಿ. ಕೊರಿಯದ ಪ್ಯೊಂಗ್‌ಚಾಂಗ್ ಕ್ರೀಡೆಗಳು. ಗಾಂಗ್ನುಂಗ್ ನಗರದ ಮಂದಿರ. ಅಲ್ಯೋನಾಳಿಗೆ ಇದು ಐದನೆಯ ಒಲಿಂಪಿಕ್. ಮೊದಲ ದಿನದ ಕಿರು ಪ್ರದರ್ಶನದಲ್ಲಿ ಬ್ರೂನೊ, ಇಬ್ಬರೂ ಪಕ್ಕಪಕ್ಕದಲ್ಲಿ ಮೂರು ಸುತ್ತು ಮಾಡಬೇಕಾಗಿದ್ದ ನೆಗೆತದಲ್ಲಿ ಎರಡೇ ಸುತ್ತು ಮಾಡಿದನು. ಬಿದ್ದಿದ್ದರೆ ನೋಡುವವರಿಗಾದರೂ ತಿಳಿಯುತ್ತಿತ್ತು. ಇದು ಅರಿಯದವರ ಕಣ್ಣಿಗೆ ಬೀಳದಂಥ ತಪ್ಪು. ತೀರ್ಪುಗಾರರ ಕಣ್ಣಿಗೆ ಬಿದ್ದಿತು. ಅಂಕ 76.59, ಸ್ಥಾನ ನಾಲ್ಕನೆಯದು. ಚೀನದ ಸ್ವೇಯ್ ಮತ್ತು ಹಾನ್ 82.39 ಪಡೆದು ಮುಂದಿದ್ದರು. ಮಧ್ಯೆ ಆರು ಅಂಕಗಳಿಗೆ ಸ್ವಲ್ಪವೇ ಕಡಮೆಯಾದ ಕಂದಕ. ಎರಡನೆಯ ಸ್ಥಾನದಲ್ಲಿದ್ದವರು ರಷ್ಯದಿಂದ ಬಂದ ತಾರಾಸೊವಾ ಮತ್ತು ಮೊರೊಜೊವ್ (ಈತನು ಬೇರೆ ಮೊರೊಜೊವ್). ಅವರ ಶಿಕ್ಷಕರಲ್ಲೊಬ್ಬನು ಯಾರು ಬಲ್ಲಿರಾ? ರಾಬಿನ್ ಷೋಲ್ಕೊವಿ. ಹನ್ನೊಂದು ವರ್ಷ ಆಕೆಯನ್ನು ಎತ್ತಿ ಹಿಡಿದ ತೋಳು, ಈಗ ಅಂಗಳದ ಅಂಚಿನಲ್ಲಿ, ಎದುರಾಳಿಗಳ ಪಕ್ಕದಲ್ಲಿತ್ತು.

ಮರುದಿನ, 15ನೆಯ ತಾರೀಖು, ಕೊನೆಯ ಗುಂಪಿನ ನಾಲ್ಕು ಜೋಡಿಗಳಲ್ಲಿ ಮೊದಲು ಇಳಿಯುವ ಸರದಿ ಇವರದು. ಸಂಗೀತ ಆರ್ಮಾನ್ ಆಮಾರ್ ಎಂಬುವರದು. "ಆಕಾಶದಿಂದ ಕಂಡ ಭೂಮಿ" ಎಂಬ ಅರ್ಥದ ಹೆಸರಿನ ಫ್ರೆಂಚ್ ಚಲನಚಿತ್ರದ್ದು. ನೃತ್ಯವನ್ನು ಹೊಂದಿಸಿದವರು, 1984ರಲ್ಲಿ ಜೇನ್ ಟಾರ್ವಿಲ್‌ರೊಡನೆ ಹಿಮನೃತ್ಯದಲ್ಲಿ ಚಿನ್ನ ಗೆದ್ದಿದ್ದ ಇಂಗ್ಲಿಷರವರಾದ ಕ್ರಿಸ್ಟಫರ್ ಡೀನ್. ನಾಲ್ಕೂವರೆ ನಿಮಿಷದ ಆ ಪ್ರದರ್ಶನದ ಚಿತ್ರವನ್ನು ನಾವು ಹಲವು ಸಲ ನೋಡಿದ್ದೇವೆ. ಅದರಲ್ಲಿ ಮೆಚ್ಚಬೇಕಾದುದು ನೆಗೆತಗಳಿಗಿಂತಲೂ ಅವುಗಳ ನಡುವಿನ ಜಾರಿಕೆ. ಸಾಮಾನ್ಯವಾಗಿ ಜೋಡಿಗಳು ಒಂದು ದೊಡ್ಡ ಸಾಹಸಕ್ಕೆ ಮೊದಲು ಕೈಬಿಟ್ಟು, ದೂರ ಹೋಗಿ, ಉಸಿರು ತೆಗೆದುಕೊಂಡು ಬರುತ್ತಾರೆ. ಇಲ್ಲಿ ಅಂಥ ಬಿಡುವು ಕಾಣುವುದೇ ಇಲ್ಲ. ಆಕೆ ಗಾಳಿಯಿಂದ ಇಳಿದ ಗಳಿಗೆಯೇ ಮುಂದಿನ ಹೆಜ್ಜೆಯ ಮೊದಲ ಗಳಿಗೆ. ಎಲ್ಲಿ ಎತ್ತಿದನು, ಎಲ್ಲಿ ಇಳಿಸಿದನು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಒಂದೂ ತಪ್ಪಾಗಲಿಲ್ಲ. ಸಂಗೀತ ನಿಂತಾಗ ಇಬ್ಬರೂ ನೀರ್ಗಲ್ಲಿನ ಮೇಲೆಯೇ ಕುಸಿದು ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಅಂಕ 159.31. ಅಲ್ಲಿಯ ತನಕ ಲೋಕದಲ್ಲಿ ಯಾವ ಜೋಡಿಯೂ ಪಡೆಯದಿದ್ದ ಅಂಕ. ಒಟ್ಟು 235.90.

ಆದರೆ ಇನ್ನೂ ಮೂರು ಜೋಡಿಗಳು ಬಾಕಿ. ಮುಗಿಸಿದವರು ಒಂದು ಕೊಠಡಿಯಲ್ಲಿ ಕುಳಿತು, ಮಿಕ್ಕವರನ್ನು ಪರದೆಯ ಮೇಲೆ ನೋಡುತ್ತಿರಬೇಕು. ತಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕೆನಡದ ಡುಹಾಮೆಲ್ ಮತ್ತು ರ್ಯಾಡ್‌ಫರ್ಡ್ ಚೆನ್ನಾಗಿ ಆಡಿ 230.15ಕ್ಕೆ ನಿಂತರು. ರಾಬಿನ್ನನ ಶಿಷ್ಯರು ತಪ್ಪುಗಳನ್ನು ಮಾಡಿ ನಾಲ್ಕನೆಯ ಸ್ಥಾನಕ್ಕೆ ಇಳಿದರು. ಕೊನೆಗೆ ಸ್ವೇಯ್ ಮತ್ತು ಹಾನ್. ಅವರು ನೆಗೆತಗಳಲ್ಲಿ ಸಣ್ಣ ತಪ್ಪುಗಳನ್ನು ಮಾಡಿದರು. ಆದರೂ ಮೊದಲ ದಿನದ ಮುನ್ನಡೆ ಅವರದು. ಒಟ್ಟು ಮೊತ್ತ ಪರದೆಯ ಮೇಲೆ ಬರುವ ತನಕ ಯಾರೂ ಏನೂ ಹೇಳುವ ಹಾಗಿರಲಿಲ್ಲ. ಬಂದಿತು: 235.47. ನಲವತ್ತಮೂರು ನೂರಂಶಗಳ ಅಂತರದಿಂದ ಚಿನ್ನ ಅಲ್ಯೋನಾ ಮತ್ತು ಬ್ರೂನೊ ಅವರದಾಯಿತು. ಆಕೆ ಅಳುತ್ತ ನೆಲಕ್ಕೆ ಕುಸಿದದ್ದನ್ನು ಚಿತ್ರದಲ್ಲಿ ಕಾಣಬಹುದು. ಉಕ್ರೇನಿನಲ್ಲಿ ಹುಟ್ಟಿದವಳೊಬ್ಬಳು, ಫ್ರಾನ್ಸಿನಲ್ಲಿ ಹುಟ್ಟಿದವನೊಬ್ಬ. ಇಬ್ಬರಿಗಾಗಿ ಜರ್ಮನಿಯ ಧ್ವಜ ಏರಿತು. ಇದು ನಿಜವಾದ ಜರ್ಮನ್ ಗೆಲವೇ ಎಂದು ಕೇಳುವವರಿಗೆ ನಾವು ಹೇಳತಕ್ಕದ್ದಿಷ್ಟು: ಹದಿನೈದು ವರ್ಷ ಆ ದೇಶದ ನೀರ್ಗಲ್ಲಿನ ಮೇಲೆ ಬಿದ್ದು ಎದ್ದವಳಿಗೆ ಆ ದೇಶ ಸಲ್ಲದಿದ್ದರೆ ಮತ್ತಾರಿಗೆ ಸಲ್ಲುತ್ತದೆ?

ಮರು ತಿಂಗಳು ಮಿಲಾನಿನ ಲೋಕಚಾಂಪಿಯನ್ ಸ್ಪರ್ಧೆಗೂ ಇಬ್ಬರು ಹೋದರು. ಒಲಿಂಪಿಕ್ ಚಿನ್ನ ಗೆದ್ದವರು ಸಾಧಾರಣವಾಗಿ ಹೋಗುವುದಿಲ್ಲ. ದಣಿದಿರುತ್ತಾರೆ, ಕಳೆದುಕೊಳ್ಳುವುದಕ್ಕೆ ಬಹಳವಿರುತ್ತದೆ. ಅಲ್ಲಿ ತಮ್ಮದೇ ದಾಖಲೆಯನ್ನು ಮುರಿದು, ಅದೇ ಪ್ರದರ್ಶನಕ್ಕೆ 162.86 ಪಡೆದು, ಒಟ್ಟು 245.84 ಅಂಕಗಳಿಂದ ಗೆದ್ದರು. ಆಕೆಗೆ ಅದು ಆರನೆಯ ಲೋಕಪದವಿ, ಹನ್ನೊಂದನೆಯ ಲೋಕಪದಕ. ಅದೇ ಅವರಿಬ್ಬರ ಕೊನೆಯ ಸ್ಪರ್ಧೆಯೂ ಆಯಿತು. 2019ರಲ್ಲಿ ಆಕೆಗೆ ಮಗಳು ಹುಟ್ಟಿದಳು. ಮುಂದೆ ಆಕೆಯೂ ಬ್ರೂನೊನೂ ಬೇರೆಬೇರೆ ಊರುಗಳಲ್ಲಿ ಎಳೆಯರಿಗೆ ಪಾಠ ಹೇಳುವ ಕೆಲಸವನ್ನು ಹಿಡಿದರು.